ರಾಕೆಟ್ಟಿನ ವಾಲ್ವಿಗೆ ಅಂಟಿದ ಭಂಡಾರ

ನವಿ ಮುಂಬಯಿಯ ರಬಾಳೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಕಾಂಚನಾ ಕಾರ್ಖಾನೆಯ ನಲ್ಲಿಯಡಿ ಮುಖ ತೊಳೆಯುತ್ತಿದ್ದಾಳೆ. ಲೋಕಲ್ ರೈಲಿನಲ್ಲಿ ಮೆತ್ತಿಕೊಂಡ ಧೂಳನ್ನೆಲ್ಲ ಇಲ್ಲೇ ಬಿಡಬೇಕು. ಬಳೆ, ಹೂವು, ಪೌಡರ್ ಯಾವುದೂ ಧೂಳಿಲ್ಲದ ಆ ತಪಾಸಣೆ ಕೋಣೆಯೊಳಗೆ ಬರುವಂತಿಲ್ಲ. ಬಿಳಿ ನಿಲುವಂಗಿ ತೊಟ್ಟು ಆಕೆ ಅಂಗೈಯಗಲದ ವಾಲ್ವ್ ಒಂದನ್ನು, ಕಣ್ಣಿಗೆ ಕಾಣದ ಕೊಳೆಯನ್ನೂ ಹೊಳೆಯಿಸಿ ತೋರಿಸುವ ನೇರಳೆ ದೀಪದ ಕೆಳಗೆ ತಿರುಗಿಸಿ ನೋಡುತ್ತಾಳೆ. ರಾಕೆಟ್ಟಿನ ಇಂಧನವನ್ನು ಹರಿಸಿ ತಡೆಯುವ ವಾಲ್ವ್ ಅದು. ಸಾಸಿವೆಯ ಚೂರಿನಷ್ಟು ಕೊಳೆ ಉಳಿದರೂ ಕೆಲಸ ಕೆಟ್ಟಂತೆ.

ರಾಕೆಟ್ ಹಾರಿದಾಗ ಚಪ್ಪಾಳೆ ತಟ್ಟುವವರು ಟೀವಿಯಲ್ಲಿ ಕಾಣುತ್ತಾರೆ, ಅದರ ಹೊಟ್ಟೆಯೊಳಗಿನದನ್ನು ತೊಳೆದವಳು ಕಾಣುವುದಿಲ್ಲ. ಕಾಂಚನಾಳ ಅಪ್ಪ ಹುಲಗಪ್ಪ ರಾಯಚೂರು ಕಡೆಯವರು, ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಅಮ್ಮ ಸತ್ಯಮ್ಮ ಡೊಂಬಿವಲಿಯ ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಮಗಳು ಇಂಜಿನಿಯರಿಂಗ್ ಮುಗಿಸಿ ಇಲ್ಲಿ ಟ್ರೈನಿಯಾದ ದಿನ ದಿವಾದಲ್ಲಿ ಅವರಿರುವ ಚಾಳ್‌ನ ಮನೆಮನೆಗೂ ಪೇಡೆ ಹಂಚಿದ್ದರು.

ಎಡವಟ್ಟಾದದ್ದು ಮೊದಲ ವಾರವೇ. ಹೊಸ ಕೆಲಸವೆಂದು ಸತ್ಯಮ್ಮ ಮಗಳ ಹಣೆಗೆ ಹುಲಿಗೆಮ್ಮನ ಭಂಡಾರ, ಅಂದರೆ ದೇವಿಯ ಅರಿಶಿನಪುಡಿ, ಬಳಿದು ಕಳಿಸುತ್ತಿದ್ದರು. ಅದನ್ನು ತೊಳೆದುಕೊಳ್ಳಲು ಮನಸ್ಸು ಬಾರದೆ ಕಾಂಚನಾ ಟೋಪಿಯಡಿ ಮುಚ್ಚಿಕೊಂಡು ಒಳಹೋದಳು. ಬೆವರು ಒರೆಸಿದ ಕೈ ವಾಲ್ವ್ ಮುಟ್ಟಿತು. ದೀಪದ ಕೆಳಗೆ ಹಳದಿ ಚುಕ್ಕೆಗಳು ಫಳಫಳ ಹೊಳೆದವು. ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಸುಮ್ಮನಿದ್ದರೆ ಬಚಾವಾಗುತ್ತಿದ್ದಳು. ಆದರೂ ಹೊರಗೆ ಬಂದು ಟೋಪಿ ತೆಗೆದು ಹಣೆ ತೋರಿಸಿದಳು.

"ಬೈಸ್ಕೊಳ್ಳಾಕ ತಯಾರಿದ್ದೆ. ಕೆಲಸ ಹೋದ್ರ ಅಪ್ಪಗ ಹೆಂಗ ಮಾರಿ ತೋರಸ್ಲಿ ಅನ್ನೋದೊಂದೇ ಟೆನ್ಶನ್" ಎನ್ನುತ್ತಾಳೆ.

ಮೇಲ್ವಿಚಾರಕ ಲೀಲಾಧರ ಶೆಟ್ಟರು ಉಡುಪಿಯವರು. ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಮಾರಾಯ್ತಿ. ನೀನು ಇಲ್ಲಿ ಹೇಳದಿದ್ರೆ ಆ ವಾಲ್ವೇ ಮೇಲೆ ಆಕಾಶಕ್ಕೆ ಹೋಗಿ ಹೇಳ್ತಿತ್ತು" ಎಂದವರೇ, ತಾವೂ ಜೊತೆಗೆ ನಿಂತು ಎಲ್ಲ ವಾಲ್ವ್‌ಗಳನ್ನು ಮತ್ತೆ ತೊಳೆಸಿದರು. ಅಂದಿನಿಂದ ಸತ್ಯಮ್ಮ ಭಂಡಾರವನ್ನು ಮಗಳ ಟಿಫಿನ್ ಡಬ್ಬಿಗೆ ಹಚ್ಚುತ್ತಾರೆ. ಡಬ್ಬಿ ಹೊರಗಿನ ಕಪಾಟಿನಲ್ಲೇ ಉಳಿಯುತ್ತದೆ.

ಈ ವಾರ ಕೆಲಸ ಕಾಯಂ ಆಗಿದೆ. ಕಾಂಚನಾ ಪಾಸು ಮಾಡಿದ ಮೊದಲ ವಾಲ್ವ್‌ಗಳು ಇವತ್ತು ಸೀಲಾಗಿ ಟೆಂಪೋ ಏರಿವೆ. ತೆಂಗಿನಕಾಯಿ ಒಡೆಯುವ ಮುಂಚೆ ಶೆಟ್ಟರು ಆ ಡಬ್ಬಿಯನ್ನೇ ತರಿಸಿ, ಅದರ ಮೇಲಿನ ಭಂಡಾರವನ್ನು ಅವಳ ಕೈಯಿಂದಲೇ ಟೆಂಪೋದ ಗಾಜಿಗೆ ಹಚ್ಚಿಸುತ್ತಾರೆ. ಖುಷಿಗೆ ಅವಳ ಕಣ್ಣು ತುಂಬುತ್ತದೆ, ಕೂಡಲೇ ಅಮ್ಮನಿಗೆ ಫೋನ್ ಹಚ್ಚುತ್ತಾಳೆ.

ಡೊಂಬಿವಲಿಯ ಯಾವುದೋ ಅಡುಗೆಮನೆಯಿಂದ ಸತ್ಯಮ್ಮನ ನಗು ಕೇಳುತ್ತದೆ. "ನಾನೂ ತೊಳೀತೀನಿ, ನನ್ನ ಮಗಳೂ ತೊಳೀತಾಳ. ನಾ ತೊಳದದ್ದು ಸಂಜಿಕ ಮತ್ತ ಹೊಲಸಾಗಿ ನನ್ನ ಮುಂದ ಬರ್ತೈತಿ. ಆಕಿ ತೊಳದದ್ದು ಒಮ್ಮೆ ಹೋದ್ರ ತಿರುಗಿ ಬರೂದಿಲ್ಲಂತ."