ಅತ್ತೆಯ ಬಾಯಿ ತೆರೆಸಿದ್ದು

ಬೈಗುಳ ಅರ್ಧಕ್ಕೇ ನಿಂತಿತು.

ಬೆಳಿಗ್ಗೆ ಆರೂವರೆ ಇರಬೇಕು. ಅತ್ತೆ ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಲ್ಲುಜ್ಜುತ್ತಿದ್ದರು. ನಾನು ತುಂಬಿದ ಕೊಡವನ್ನು ನೋಡದೆ ಅವರ ಬೂದಿ ಡಬ್ಬಿಯ ಮೇಲೆ ಇಟ್ಟೆ. ಡಬ್ಬಿ ನಗ್ಗಿತು. "ಕಣ್ಣು ಎಲ್ಲಿಟ್ಕಂಡು ಓಡಾಡ್ತೀಯಲೇ, ಹಲ್ಕಟ್..." ಎಂದವರು ಮುಂದಿನದು ಹೇಳಲಿಲ್ಲ. ನಮ್ಮತ್ತೆ ಬೈಯುವುದನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ. ತಿರುಗಿ ನೋಡಿದೆ. ಬಾಯಿ ಎಡಗಡೆಗೆ ಎಳೆದುಕೊಂಡಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಕಪ್ಪು ಎಂಜಲು ಗದ್ದದಿಂದ ಸೀರೆಗೆ ಇಳಿಯುತ್ತಿತ್ತು.

ಲಕ್ವ ಹೊಡೆದಿತ್ತು.

ನಮ್ಮ ಮನೆ ದಾವಣಗೆರೆಯ ಆನೆಕೊಂಡದಲ್ಲಿದೆ. ಇರುವವರು ಮೂರೇ ಜನ. ನಮ್ಮ ಯಜಮಾನರು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ ಮಾಡುತ್ತಾರೆ, ಏಳು ಗಂಟೆಯ ಬಸ್ಸಿಗೆ ಹೊರಟರೆ ಬರುವುದು ಸಂಜೆಗೇ. ಮಗಳು ಮದುವೆಯಾಗಿ ಮಲೆಬೆನ್ನೂರಿನಲ್ಲಿದ್ದಾಳೆ. ಉಳಿದವರು ನಾನು, ನನ್ನ ಹೊಲಿಗೆ ಮಷೀನು, ಮತ್ತು ಅತ್ತೆಯ ಬಾಯಿ.

ಬಾಯಿ ಎಂದು ಬೇಕೆಂದೇ ಬರೆದೆ. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ಮಗನನ್ನು ಸಾಕಿದವರು ಅವರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಹಾಗೇ ಬದುಕಿದರು. ಭಟ್ಟಿಯ ಬತ್ತದ ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು, ಉಪ್ಪು ಬೆರೆಸಿ, ಅದರಲ್ಲೇ ಹಲ್ಲುಜ್ಜುತ್ತಿದ್ದರು. ನಾನು ಮದುವೆಯಾಗಿ ಬಂದ ಮರುದಿನ ಬ್ರಷ್ ಪೇಸ್ಟ್ ತೆಗೆದದ್ದಕ್ಕೆ ಓಣಿಗೆಲ್ಲ ಕೇಳುವಂತೆ ಕೂಗಿದ್ದರು: "ಬರ್ರೇ, ನೋಡ್ ಬರ್ರಿ! ನಮ್ಮ ಸೊಸಿ ಬಾಯಾಗೆ ಸೋಪ್ ಹಾಕ್ಕಂತಾಳೆ!" ಅವತ್ತಿನಿಂದ ಇಪ್ಪತ್ತನಾಲ್ಕು ವರ್ಷ ನಾನು ದೇವರಲ್ಲಿ ಬೇಡಿದ್ದು ಒಂದೇ. ಈ ಬಾಯಿ ಮುಚ್ಚಲಿ.

ದೇವರು ಮುಚ್ಚಿಸಿದ. ಆಮೇಲೆ ತೆರೆಸುವ ಕೆಲಸ ನನ್ನ ತಲೆಗೇ ಕಟ್ಟಿದ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಡಿಸ್ಚಾರ್ಜ್ ಮಾಡುವ ದಿನ ಸಿಸ್ಟರ್ ನನ್ನನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡರು. ಮಾತ್ರೆಯ ಲೆಕ್ಕ, ಮಗ್ಗುಲು ಬದಲಿಸುವುದು, ಎಲ್ಲ ಹೇಳಿ ಕೊನೆಗೆ ಒಂದು ಮಕ್ಕಳ ಬ್ರಷ್ ತೋರಿಸಿದರು.

"ಇದನ್ನ ಮರೀಬ್ಯಾಡ್ರಿ. ಇವರಿಗೆ ನುಂಗೋ ಶಕ್ತಿ ಕಮ್ಮಿ ಆಗೈತೆ. ಬಲಗಡೆ ಕೆನ್ನೆ ಒಳಗೆ ಅನ್ನ ನಿಂತ್ರೂ ಗೊತ್ತಾಗಲ್ಲ. ಬಾಯಾಗಿನ ಗಲೀಜು ಎಂಜಲು ಜೊತಿ ಲಂಗ್ಸ್‌ಗೆ ಇಳಿದ್ರೆ ನಿಮೋನಿಯಾ ಆಗ್ತದೆ. ದಿನಕ್ಕೆ ಎರಡು ಸಲ, ಕೂರಿಸಿ, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಉಜ್ಜಬೇಕು. ಬೆರಳು ಮಾತ್ರ ಹಲ್ಲಿನ ಮಧ್ಯೆ ಇಡಬ್ಯಾಡ್ರಿ."

ತಲೆಯಾಡಿಸಿದೆ. ಒಳಗೆ ನಗು ಬಂತು. ಹಲ್ಲುಜ್ಜದಿದ್ದರೆ ಜೀವ ಹೋಗುತ್ತದೆ ಎಂದರೆ ಯಾರು ನಂಬುತ್ತಾರೆ? ಲಕ್ವವನ್ನೇ ಗೆದ್ದು ಬಂದವರು ಅನ್ನದ ಅಗುಳಿಗೆ ಸಾಯುತ್ತಾರೆಯೇ?

ಮನೆಗೆ ಬಂದ ಮೊದಲ ಎರಡು ವಾರ ಅವರಿಗೆ ಪ್ರಜ್ಞೆ ಮಂಕಾಗಿತ್ತು. ನಾನು ಬಾಯಿ ತೆರೆಸಿದರೆ ತೆರೆದಂತೆ, ಮುಚ್ಚಿಸಿದರೆ ಮುಚ್ಚಿದಂತೆ. ಆಮೇಲೆ ಒಂದು ಬೆಳಿಗ್ಗೆ ಬ್ರಷ್ ಹಿಡಿದು ಹತ್ತಿರ ಹೋದೆ. ಕಣ್ಣು ಕೆಂಪಗೆ ಮಾಡಿ ನನ್ನನ್ನೇ ನೋಡಿ ಗಂಟಲಿನಿಂದ ಹೊರಡಿಸಿದರು:

"ಹಲ್..."

ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಓಡಿಬಂದರು. "ಅವ್ವ ಮಾತಾಡಿದ್ಲು! ರೇಣುಕಾ, ಅವ್ವ ಮಾತಾಡಿದ್ಲು ಕಣೇ!" ಅವರ ಕಣ್ಣಲ್ಲಿ ನೀರು.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅದು ಯಾವ ಮಾತು ಎಂದು ನನಗೆ ಗೊತ್ತಿತ್ತಲ್ಲ. ಅವತ್ತು ನಲ್ಲಿಯ ಹತ್ತಿರ ನಿಂತುಹೋದದ್ದೇ ಅದು. ಸಾವಿರ ಮಾತು ಸತ್ತವು, ನನ್ನನ್ನು ಬೈಯುವ ಒಂದು ಉಳಿಯಿತು. ಹಾಲು ಕೇಳಲು ಬಾರದ ಬಾಯಿಗೆ ಹಲ್ಕಟ್ ಎನ್ನಲು ಬರುತ್ತದೆ!

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಯುದ್ಧ. ಇದನ್ನು ಸೇವೆ ಎಂದು ಬರೆದರೆ ಸುಳ್ಳು. ಅವರು ಹಲ್ಲು ಕಚ್ಚಿ ಹಿಡಿಯುತ್ತಿದ್ದರು, ನಾನು ಚಮಚದ ಹಿಡಿ ತುರುಕಿ ಮೀಟುತ್ತಿದ್ದೆ. ಅವರು ಸರಿಯಿದ್ದ ಎಡಗೈಯಿಂದ ನನ್ನ ಕೂದಲಿಗೆ ಕೈ ಹಾಕುತ್ತಿದ್ದರು, ನಾನು ಆ ಕೈಯನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಮೂಗು ಹಿಡಿದೆ. ಉಸಿರಿಗಾಗಿ ಬಾಯಿ ತೆರೆಯಲೇಬೇಕಲ್ಲ. ತೆರೆದರು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ನಾನು ನಿಲ್ಲಿಸಲಿಲ್ಲ, ಉಜ್ಜಿದೆ. ವಸಡಿನಿಂದ ರಕ್ತ ಬಂದು ಪೇಸ್ಟಿನ ನೊರೆ ಕೆಂಪಾಯಿತು. "ಹಲ್... ಹಲ್..." ಎಂದರು. "ನೀವೇ ಹಲ್ಕಟ್," ಎಂದೆ. ಮದುವೆಯಾದ ಮೇಲೆ ಮೊದಲ ಸಲ ತಿರುಗಿ ಬೈದದ್ದು. ಎಷ್ಟು ಹಗುರವಾಯಿತು ಎಂದರೆ ಇವತ್ತು ನೆನೆದರೆ ಹೆದರಿಕೆಯಾಗುತ್ತದೆ.

ಕಚ್ಚಿದ್ದು ಒಂದು ಮಂಗಳವಾರ. ಎಡಗಡೆಯ ಹಿಂಬದಿಗೆ ಬ್ರಷ್ ಹೋಗುತ್ತಿರಲಿಲ್ಲ. ಸಿಸ್ಟರ್ ಹೇಳಿದ್ದನ್ನು ಮರೆತು ತೋರುಬೆರಳು ಹಾಕಿ ಕೆನ್ನೆ ಎಳೆದೆ. ದವಡೆ ಮುಚ್ಚಿಕೊಂಡಿತು. ಬಾಗಿಲ ಸಂದಿಗೆ ಬೆರಳು ಸಿಕ್ಕಂತೆ. ಕಿರುಚಿದೆ, ಬಿಡಲಿಲ್ಲ. ಇನ್ನೊಂದು ಕೈಯಿಂದ ಅವರ ಕೆನ್ನೆಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ.

ಎರಡು ಏಟು. ಎಪ್ಪತ್ತು ದಾಟಿದ, ಅರ್ಧ ಮೈ ಸತ್ತ ಮುದುಕಿಗೆ.

ಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಮಷೀನಿನ ಸೂಜಿ ಚುಚ್ಚಿತು ಎಂದು ಮನೆಯವರಿಗೆ ಹೇಳಿದೆ. ಅತ್ತೆಯ ಕೆನ್ನೆಯ ಕೆಂಪು ಸಂಜೆಯೊಳಗೆ ಇಳಿದಿತ್ತು. ಬ್ರಷ್ ತೆಗೆದು ಕಪಾಟಿನ ಮೇಲೆ ಎಸೆದೆ. ಕೊಳೆಯಲಿ ಆ ಬಾಯಿ, ಎಂದುಕೊಂಡೆ. ಗಂಜಿ ಕುಡಿಸುತ್ತಿದ್ದೆ, ಹಾಲಲ್ಲಿ ನೆನೆಸಿದ ಬಿಸ್ಕತ್ತು ತಿನ್ನಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಬೆನ್ನಿಗೆ ಪೌಡರ್ ಹಾಕುತ್ತಿದ್ದೆ. ಬಾಯಿ ಮಾತ್ರ ಮುಟ್ಟಲಿಲ್ಲ. ಅವರ ಉಸಿರು ನಾರಲು ಶುರುವಾಯಿತು. ಗಂಜಿ ಕುಡಿಸುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಯಜಮಾನರು ಬಂದು ಬಾಗಿಲಲ್ಲೇ ನಿಂತು, "ಉಜ್ಜಿದೆ ತಾನೆ?" ಎಂದು ಕೇಳುತ್ತಿದ್ದರು. ಅವರೂ ಒಂದು ದಿನವೂ ಹತ್ತಿರ ಬಂದು ನೋಡಲಿಲ್ಲ. "ಹೂಂ," ಎನ್ನುತ್ತಿದ್ದೆ.

ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಬೆಳಿಗ್ಗೆ ಮೈ ಕಾದ ಹೆಂಚಿನಂತಿತ್ತು. ಎದೆಯಲ್ಲಿ ಗೊರಗೊರ ಸದ್ದು. ತುಟಿ ಬಣ್ಣ ಕೆಟ್ಟಿತ್ತು. ಆಟೋದಲ್ಲಿ ಅವರ ತಲೆ ನನ್ನ ಭುಜದ ಮೇಲಿತ್ತು, ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಆ ವಾಸನೆ ನಾನು ಮಾಡಿದ್ದು ಎಂದು ಗೊತ್ತಿತ್ತು.

ಎಕ್ಸ್‌ರೇ ನೋಡಿದ ಡಾಕ್ಟರ್ ನಿಮೋನಿಯಾ ಎಂದರು. ಆಕ್ಸಿಜನ್ ಹಾಕಿದರು. ಟಾರ್ಚ್ ಬಿಟ್ಟು ಬಾಯಿ ನೋಡಿ ನನ್ನ ಕಡೆ ತಿರುಗಿದರು.

"ಏನಮ್ಮ, ದಿನಾ ಕ್ಲೀನ್ ಮಾಡ್ತಿದ್ರೇನು?"

"ಮಾಡ್ತಿದ್ದೆ ಸರ್."

ಪಕ್ಕದಲ್ಲಿ ಯಜಮಾನರು ನಿಂತಿದ್ದರು. ನನ್ನ ಪರವಾಗಿ ಅವರೂ ತಲೆಯಾಡಿಸಿದರು.

ಎರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದೆ. ಅವರು ಸಾಯಬಾರದು ಎಂದು ಬೇಡಿಕೊಂಡೆ. ಪ್ರೀತಿಯಿಂದಲ್ಲ. ಸತ್ತರೆ ಕೊಂದವಳು ನಾನು, ಅದು ನನಗೊಬ್ಬಳಿಗೇ ಗೊತ್ತು, ಜೀವನಪೂರ್ತಿ ಒಬ್ಬಳೇ ಹೊತ್ತುಕೊಂಡಿರಬೇಕು ಎಂಬ ಭಯದಿಂದ. ಜನ ಬಂದು, "ಎಂಥಾ ಸೊಸಿ, ಎಷ್ಟು ಮಾಡ್ತಾಳೆ," ಎನ್ನುತ್ತಿದ್ದರು. ಪ್ರತಿ ಸಲ ಹೊಲಿಗೆ ಬಿದ್ದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದೆ.

ಮೂರನೆಯ ದಿನ ಜ್ವರ ಸ್ವಲ್ಪ ಇಳಿಯಿತು. ಕಣ್ಣು ಬಿಟ್ಟರು. ಹಲ್ಲಿನ ಡಾಕ್ಟರನ್ನು ಕರೆಸಿದ್ದರು, ಮೂವತ್ತು ತುಂಬದ ಹುಡುಗಿ. ಹಾಸಿಗೆಯ ಅಂಚಿಗೆ ಕೂತು, "ಅಜ್ಜಿ, ಎಲ್ಲಿ ನೋವೈತೆ ತೋರಿಸ್ರಿ," ಎಂದಳು. ಅತ್ತೆಯ ಎಡಗೈ ನಿಧಾನವಾಗಿ ಮೇಲೆದ್ದು ಎಡದವಡೆಯ ಮೇಲೆ ಹೋಗಿ ಕೂತಿತು.

"ಹಲ್... ಹಲ್..."

"ಹೌದಜ್ಜಿ, ಹಲ್ಲು. ಗೊತ್ತಾತು ಬಿಡ್ರಿ." ಆಮೇಲೆ ನನ್ನನ್ನು ಕೇಳಿದಳು: "ಹಲ್ಲು ಅಂತ ಎಷ್ಟು ದಿನದಿಂದ ಹೇಳ್ತಿದಾರೆ ಇವರು?"

ಹಲ್ಲು.

ಮಂಚದ ಕಂಬಿ ಹಿಡಿದುಕೊಂಡೆ. ಹೇಗೆ ಹೇಳಲಿ ಆ ಹುಡುಗಿಗೆ, ಒಂದು ತಿಂಗಳಿನಿಂದ ಹೇಳುತ್ತಿದ್ದಾರೆ, ಹೇಳಿದವರಿಗೇ ಹೊಡೆದೆ ಎಂದು?

ಎಡದವಡೆಯ ಕೊನೆಯ ಹಲ್ಲು. ಮೇಲಿನಿಂದ ನೋಡಿದರೆ ಎಲೆಅಡಿಕೆ ಕರೆ ಹಿಡಿದ ಗಟ್ಟಿ ಹಲ್ಲಿನ ಹಾಗೇ ಇತ್ತಂತೆ, ಒಳಗೆ ಬರೀ ಟೊಳ್ಳು, ಬುಡದಲ್ಲಿ ಕೀವು. "ಬೂದಿ ಉಜ್ಜಿ ಉಜ್ಜಿ ಮೇಲ್ಪದರ ಸವೆದೋಗೈತೆ. ಸಂದ್ಯಾಗಿನ ಹುಳುಕು ಬೂದಿಗೆ ಎಲ್ಲಿ ಹೋಗ್ತದೆ? ಇವರು ನುಂಗ್ತಿದ್ದಿದ್ದು ಕೀವು," ಎಂದಳು. ಆಗ ನೆನಪಾಯಿತು. ಲಕ್ವಕ್ಕಿಂತ ಎಷ್ಟೋ ತಿಂಗಳು ಮೊದಲಿನಿಂದಲೇ ಅತ್ತೆ ಗರಿಗರಿ ಮಂಡಕ್ಕಿಯನ್ನು ಚಹಾದಲ್ಲಿ ಮುಳುಗಿಸಿ ತಿನ್ನುತ್ತಿದ್ದರು. "ಭಟ್ಟಿಯವರಿಗೂ ಮೆತ್ತನ್ನ ಮಂಡಕ್ಕಿ ಬೇಕಾತೇನ್ರಿ," ಎಂದು ನಾನು ಕಿಸಕಿಸ ನಕ್ಕಿದ್ದೆ. ಅವರು ಹಲ್ಲುನೋವು ಎನ್ನಲಿಲ್ಲ. ಓಣಿಯಲ್ಲೆಲ್ಲ ಹಲ್ಲಿನ ಜಂಬ ಕೊಚ್ಚಿಕೊಂಡವರು ಸೊಸೆಯ ಮುಂದೆ ಹೇಗೆ ಹೇಳುತ್ತಾರೆ? ಮಾತಿದ್ದಾಗ ಹೇಳಲಿಲ್ಲ. ಹೇಳಬೇಕೆನಿಸಿದಾಗ ಅರ್ಧ ಮಾತೇ ಉಳಿದಿತ್ತು, ಅದನ್ನೂ ನಾನು ಬೈಗುಳ ಮಾಡಿಕೊಂಡೆ.

ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದುದರಿಂದ ಹಲ್ಲು ಕೀಳಲು ದೊಡ್ಡ ಡಾಕ್ಟರ ಒಪ್ಪಿಗೆ ಬೇಕಿತ್ತು, ನಾಲ್ಕು ದಿನ ಕಾದೆವು. ಕಿತ್ತಾಗ ನಾನು ಪಕ್ಕದಲ್ಲೇ ಇದ್ದೆ. ಹಲ್ಲು ಎರಡು ತುಂಡಾಗಿ ಬಂತು. ಹಿಂದೆಯೇ ಕೀವು, ರಕ್ತ. ಅತ್ತೆ ನನ್ನ ಕೈ ಹಿಸುಕಿದರು, ಹೊಲಿಗೆ ಹಾಕಿದ್ದ ಬೆರಳೇ ಸಿಕ್ಕಿತ್ತು. ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದ ದಿನ ಯಜಮಾನರಿಗೆ ಹೇಳಿದೆ. ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಸೂಜಿಯಲ್ಲ, ಅವ್ವನ ಹಲ್ಲು. ಎರಡು ಏಟು. ಒಂಬತ್ತು ದಿನ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕೈ ಎತ್ತಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ನಾನು ಮುಖ ಸರಿಸಲಿಲ್ಲ. "ಹೊಡೀರಿ," ಎಂದೆ. "ಹೊಡೆದಾದ ಮ್ಯಾಲೆ ಬ್ರಷ್ ಹಿಡ್ಕಳ್ರಿ. ನಿಮ್ಮವ್ವನ ಬಾಯಾಗೆ ನೀವು ಒಂದಿನ ಕೈ ಇಟ್ಟೀರೇನು?"

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಆ ಕೈಯಿಂದಲೇ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತರು. "ನಂಗೆ ಹೆದರಿಕೆ ಆಗ್ತಿತ್ತು ಕಣೇ," ಎಂದರು. "ಅವ್ವನ್ನ ಹಂಗೆ ನೋಡಾಕೆ ಆಗ್ತಿರ್ಲಿಲ್ಲ."

ಈಗ ಮೂರು ತಿಂಗಳಾಯಿತು. ಮತ್ತೆ ನಿಮೋನಿಯಾ ಬರಬಹುದು, ಬರದಂತೆ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರ್. ಅದಕ್ಕಿಂತ ಹೆಚ್ಚಿನ ಮಾತು ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಕಡಲೆಕಾಳಿನಷ್ಟು ಪೇಸ್ಟು, ಒದ್ದೆ ಗಾಜ್ ಬಟ್ಟೆ, ಕೊನೆಗೆ ಬಲಗೆನ್ನೆಯ ಒಳಗೆ ಒಂದು ಸುತ್ತು. ಮೊದಲು ಬ್ರಷ್ ತೋರಿಸುತ್ತೇನೆ, "ಅತ್ತೆ, ಮಾಡ್ಲೇನ್ರಿ?" ಎಂದು ಕೇಳುತ್ತೇನೆ, ಅವರು ರೆಪ್ಪೆ ಬಡಿದ ಮೇಲೆ ಶುರು. ಕೆಲವು ದಿನ ಬಡಿಯುವುದಿಲ್ಲ. ಕಾಯುತ್ತೇನೆ, ಒಳಗೊಳಗೇ ಬೈದುಕೊಳ್ಳುತ್ತೇನೆ, ಮತ್ತೆ ಕೇಳುತ್ತೇನೆ. ನಾನೇನು ಒಳ್ಳೆಯ ಸೊಸೆಯಾಗಿ ಹುಟ್ಟಿಬಂದಿಲ್ಲ. ಅವರೂ ಅಷ್ಟೇ, ಬಾಯಿ ತೆರೆಯುವಾಗ ಇಷ್ಟಿಷ್ಟೇ ತೆರೆಯುತ್ತಾರೆ, ಕಣ್ಣು ನನ್ನ ಕೈಯ ಮೇಲಿಂದ ಕದಲಿಸುವುದಿಲ್ಲ. ಹೊಡೆದ ಕೈ ಇದು. ಅವರಿಗೆ ಮರೆತಿರಲಿಕ್ಕಿಲ್ಲ.

ಹಿಂದಿನ ಭಾನುವಾರ ಯಜಮಾನರು ತಾವೇ ಉಜ್ಜುತ್ತೇನೆ ಎಂದು ಕೂತರು. "ಅವ್ವಾ," ಎಂದದ್ದೇ ತಡ, ಅತ್ತೆ ಇಡೀ ಬಾಯಿ ತೆರೆದರು. ರೆಪ್ಪೆ ಬಡಿಯಲಿಲ್ಲ, ಕಾಯಿಸಲಿಲ್ಲ. ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ? ಮೂರು ತಿಂಗಳು ಹೊತ್ತುಹೊತ್ತಿಗೆ ಕಾದವಳು ನಾನು, ಬಾಯಿ ತೆರೆದದ್ದು ಮಗನಿಗೆ. ಅವರೋ ಲೇಥಿನ ಮೇಲಿನ ಕಬ್ಬಿಣದ ತುಂಡಿಗೆ ಪಾಲಿಶ್ ಹಾಕುವಂತೆ ಮುಂದಿನ ನಾಲ್ಕು ಹಲ್ಲು ತಿಕ್ಕಿ, ತುಟಿ ಒರೆಸಿ, "ಆತು ನೋಡವ್ವ," ಎಂದು ಬ್ರಷ್ ತೊಳೆಯಲು ಎದ್ದರು.

ಅತ್ತೆ ಬಾಯಿ ಮುಚ್ಚಲಿಲ್ಲ.

ಬಾಯಿ ತೆರೆದೇ ಕುತ್ತಿಗೆಯನ್ನು ನಿಧಾನವಾಗಿ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಬಲಗೆನ್ನೆಯನ್ನು ನನ್ನ ಕಡೆಗೆ ಹಿಡಿದರು.

ಕೈ ತೊಳೆದುಕೊಂಡು ಬಂದೆ. ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಒಳಗೆ ಹಾಕಿದೆ. ಅನ್ನದ ಒಂದು ಅಗುಳು ಇತ್ತು, ತೆಗೆದೆ.