ಕಬಡ್ಡಿ ಕಪ್ ಮೊದಲು ಹೋದ ಮನೆ

ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆ, ಲಂಗ ಎರಡೂ ಬಣ್ಣಗೆಡುತ್ತಿದ್ದ ಬೇಸಿಗೆ ರಜೆಗಳವು. ಮೇಲೂರಿನಲ್ಲಿ ಕರೆಂಟ್ ಇದ್ದರೆ ಟಿವಿ, ಇಲ್ಲದಿದ್ದರೆ ಬೀದಿ. ನನಗೆ ಹನ್ನೊಂದು ತುಂಬಿದ ವರ್ಷ, ನಮ್ಮ ಬೀದಿಯ ಮಕ್ಕಳಿಗೆಲ್ಲ ಆಟ ಕಟ್ಟುವ ಕೆಲಸ ಅಪ್ಪನ ಪಾಲಿಗೆ ಬಂತು.

ಅಪ್ಪ ಊರಿನ ಹಳೆಯ ಕಬಡ್ಡಿ ತಂಡದವರು. ಗೌರಿಬಿದನೂರಿನ ಫೈನಲ್‌ನಲ್ಲಿ ಎದುರಾಳಿಯ ಕೈ ತಾಗಿದ್ದನ್ನು ಅಂಪೈರ್ ನೋಡದಿದ್ದರೂ, ತಾವೇ ಕೈಯೆತ್ತಿ ಹೊರನಡೆದಿದ್ದರಂತೆ. ಆ ಕಥೆ ಕೇಳದೆ ನಮ್ಮೂರಲ್ಲಿ ಯಾರೂ ದೊಡ್ಡವರಾಗಿಲ್ಲ.

ತಂಡದ ಚರಿತ್ರೆಯನ್ನೇ ಒಗಟು ಮಾಡಿ ಅಪ್ಪ ಆರು ಚೀಟಿ ಬರೆದು ಊರೆಲ್ಲ ಬಚ್ಚಿಟ್ಟರು. ಒಂದನ್ನು ಬಿಡಿಸಿದರೆ ಮುಂದಿನದರ ಜಾಗ ತಿಳಿಯುತ್ತಿತ್ತು. ಕಟ್ಟಕಡೆಗೆ ಒಂದು ವಿಷಲ್. ಅದನ್ನು ಊದಿದವರ ಹೆಸರು ಮೈದಾನದ ಬೋರ್ಡಿನಲ್ಲಿ, ಹಳೆಯ ಆಟಗಾರರ ಹೆಸರಿನ ಕೆಳಗೆ. ಆ ಬೋರ್ಡಿನಲ್ಲಿ ಒಬ್ಬ ಹುಡುಗಿಯ ಹೆಸರೂ ಇರಲಿಲ್ಲ. ನನ್ನದು ಇರಲೇಬೇಕು ಎಂದು ಹಟ ತೊಟ್ಟೆ.

ಹಲ್ಲು ಮುರಿಸಿಕೊಂಡ ಆಟಗಾರನ ಸೈಕಲ್ ಅಂಗಡಿ, ತಂಡ ಬಸ್ಕಿ ಹೊಡೆಯುತ್ತಿದ್ದ ಅರಳಿಕಟ್ಟೆ, ಎಲ್ಲ ಕಡೆಯೂ ನಾನೇ ಮುಂದೆ. ಕೊನೆಯ ಒಗಟು: ಗೆದ್ದ ಕಪ್ ಊರಿಗೆ ಬಂದಾಗ ಮೊದಲು ಯಾರ ಮನೆಗೆ ಹೋಯಿತು? ತಂಡಕ್ಕೆ ದಿನಾ ಹಾಲು ಕೊಡುತ್ತಿದ್ದ ನಂಜಮ್ಮಜ್ಜಿಯ ಮನೆಗೆ. ಆ ಕಪ್ಪಿಗೇ ಹಾಲು ಹುಯ್ದು ಎಲ್ಲರೂ ಕುಡಿದಿದ್ದರಂತೆ. ಅಜ್ಜಿಯ ಬೀದಿಯ ತಿರುವಿನಲ್ಲಿ ಅಪ್ಪ ನಿಂತಿದ್ದರು. ಗೊತ್ತಿದ್ದೂ ಸುಮ್ಮನಿರಲಾರದೆ ಕೇಳಿದೆ, "ನಂಜಮ್ಮಜ್ಜಿ ಮನೆ ಅಲ್ವೇನಪ್ಪ?"

"ಅಲ್ಲ ಕಣಮ್ಮ. ಕ್ಯಾಪ್ಟನ್ ಮನೆ ಕಡೆ ಹೋಗು."

ಕ್ಯಾಪ್ಟನ್ ಮನೆ ಊರಾಚೆ, ಕೆರೆ ಏರಿಯ ಹತ್ತಿರ. ಎದ್ದೆನೋ ಬಿದ್ದೆನೋ ಎಂದು ಓಡಿ, ಅವರ ತಿಪ್ಪೆಯನ್ನೂ ಬಿಡದೆ ಕೆದಕಿದೆ. ಆಗ ಅಜ್ಜಿಯ ಬೀದಿಯಿಂದ ವಿಷಲ್ ಕೇಳಿಸಿತು. ಊದಿದ್ದು ಪಕ್ಕದ ಮನೆಯ ಮಂಜ.

ಊಟಕ್ಕೆ ಕೂತಾಗ ಅಪ್ಪನೇ ಬಾಯಿಬಿಟ್ಟರು. "ಚೀಟಿ ಬರ್ದೋನು ನಾನು. ನನ್ನ ಮಗಳೇ ಗೆದ್ರೆ ಜನ ಏನಂತಾರೆ?"

ಅಮ್ಮ ಮುದ್ದೆ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಹಂಗಿದ್ರೆ ಆಡ್ಬೇಡ ಅಂತ ಬೆಳಿಗ್ಗೇನೇ ಹೇಳ್ಬೇಕಾಗಿತ್ತು."

ವಿಷಯ ತಿಳಿದ ಊರು, ಮಗಳೆಂದೂ ನೋಡದ ನ್ಯಾಯವಂತ ಎಂದು ಅಪ್ಪನನ್ನು ಇನ್ನಷ್ಟು ಹೊಗಳಿತು. ಗೌರಿಬಿದನೂರಿನಲ್ಲಿ ತಾವು ಔಟಾಗಿ ಹೆಸರು ಮಾಡಿದ್ದರು, ಮೇಲೂರಿನಲ್ಲಿ ನನ್ನನ್ನು ಔಟ್ ಮಾಡಿ. ನನಗೆ ಇಂದಿಗೂ ಸಿಟ್ಟಿದೆ.

ಅಪ್ಪ ಈಗಲೂ ದಾರಿ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ನಾನು ತಲೆಯಾಡಿಸಿ ಹೊರಟು, ಸ್ವಲ್ಪ ದೂರ ಹೋಗಿ ಇನ್ನೊಬ್ಬರನ್ನು ಕೇಳುತ್ತೇನೆ. ಅಪ್ಪ ಹೇಳಿದರೆ ಮುಗಿಯಿತು ಎನ್ನುವ ನೆಮ್ಮದಿ ನನಗಿದ್ದದ್ದು ಹನ್ನೊಂದೇ ವರ್ಷ.