ಎಲ್ವುಡ್ ಬದಲಿಸಿದ ಅಲಗುಗಳು

ಎಲ್ವುಡ್ ಪಾರ್ಟ್ರಿಜ್ ಮದುವೆಯಾಗಲಿಲ್ಲ. ಹಾಗಾಗಿ ಹೆಂಡತಿ ಕೇಳಬೇಕಾಗಿದ್ದ ಮಾತನ್ನೆಲ್ಲ ನಾನು ಕೇಳಿದ್ದೇನೆ. ವಿನ್‌ಸ್ಲೋ ಫಾಲ್ಸ್ ಊರಿನ ಹೊರಗೆ, ಹಳೆಯ ಕೊಟ್ಟಿಗೆಯೊಂದರಲ್ಲಿ ನನ್ನ ಗುಜರಿ ಅಂಗಡಿ. ಶನಿವಾರ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವನ ಗಾಡಿ ಬಂದು ನಿಂತಿರುತ್ತಿತ್ತು. ಊರವರ ಮನೆಯ ಬಾಯ್ಲರ್ ರಿಪೇರಿ ಮಾಡಿ ಮಾಡಿ ನಿವೃತ್ತನಾದ ಮನುಷ್ಯ. ಕುರ್ಚಿ, ದೀಪ, ಪಿಂಗಾಣಿ ಯಾವುದರ ಕಡೆಗೂ ಕಣ್ಣು ಹಾಯಿಸದೆ, ನೇರವಾಗಿ ಹಿಂದಿನ ಮೂಲೆಯ ಬಡಗಿ ಸಾಮಾನಿನ ಪೆಟ್ಟಿಗೆಗೆ ಕೈ ಹಾಕುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ನಮ್ಮೂರಲ್ಲೇ ತಯಾರಾಗುತ್ತಿದ್ದ, ಮರ ಹೆರೆದು ನಯಮಾಡುವ ಟೆನ್ನಿ ಉಜ್ಜುಗೊರಡುಗಳು. ಅವುಗಳನ್ನು ಯಾರು ಮಾಡಿದರು, ಆ ಕಂಪನಿಯನ್ನು ಯಾರು ನುಂಗಿದರು ಎಂದು ಅವನು ಹೇಳತೊಡಗಿದರೆ ನನ್ನ ಕಾಫಿ ಆರಿಹೋಗುತ್ತಿತ್ತು. ಅಣ್ಣ ಆಸಾ ಟೆನ್ನಿ, ತಮ್ಮ ಲೂಥರ್ ಇಬ್ಬರೂ ಕೂಡಿ ಶುರು ಮಾಡಿದರಂತೆ. ಜಗಳವಾಗಿ ಲೂಥರ್ ಹೊಳೆಯ ಆಚೆ ದಡಕ್ಕೆ ಹೋಗಿ ಬೇರೆ ಕಾರ್ಖಾನೆ ಹೂಡಿದನಂತೆ. ಆಸಾನ ಕಂಪನಿಯನ್ನು ಕನೆಕ್ಟಿಕಟ್‌ನ ಬೀಗದ ಕಂಪನಿ ಕೊಂಡರೂ ಬಡಗಿಗಳಿಗೆ ನಂಬಿಕೆ ಇದ್ದದ್ದು ಆಸಾನ ಹೆಸರಿನ ಮೇಲೆ, ಆದ್ದರಿಂದ ಹೆಸರನ್ನು ಹಾಗೇ ಉಳಿಸಿಕೊಂಡಿತು. ಲೂಥರ್‌ನ ಸರಕಿನಲ್ಲಿ ಒಂದಷ್ಟನ್ನು ಬಾಸ್ಟನ್ನಿನ ವ್ಯಾಪಾರಿಯೊಬ್ಬ ಕೊಂಡು ತನ್ನ ಹೆಸರನ್ನೇ ಒತ್ತಿ ಮಾರಿದ. ಕೊನೆಗೆ ಬೀಗದ ಕಂಪನಿ, ಲೂಥರನ ಕಾರ್ಖಾನೆ, ಬಾಸ್ಟನ್ನಿನ ವ್ಯಾಪಾರ ಈ ಮೂರನ್ನೂ ಒಂದೇ ದೊಡ್ಡ ಕಂಪನಿ ಕೊಂಡು ಬಾಗಿಲು ಹಾಕಿತು.

“ಇಷ್ಟು ಗೋಜಲು ನಮ್ಮ ಅತ್ತೆ ಮನೇಲೂ ಇರಲಿಲ್ಲ ಮಾರಾಯಾ,” ಎಂದಿದ್ದೆ ನಾನು.

“ನಿಮ್ಮತ್ತೆ ಮೈಮೇಲೆ ಹೆಸರು ಒತ್ತಿರಲಿಲ್ಲ ಡೆಲ್ಲಾ. ಇವುಗಳ ಮೇಲೆ ಒತ್ತಿರ್ತಾರೆ. ಅದೊಂದೇ ಪುಣ್ಯ,” ಎಂದ.

ಲೂಥರ್‌ನ ಉಜ್ಜುಗೊರಡು ಸಿಕ್ಕಾಗಲೆಲ್ಲ ಅವನಿಗೆ ಒಂದು ರಗಳೆ ಎದುರಾಗುತ್ತಿತ್ತು. ಮರದ ಮೇಲೆ ಲೂಥರ್‌ನ ಮುದ್ರೆ ಇದ್ದರೂ, ಒಳಗಿನ ಅಲಗನ್ನು ಎಳೆದು ನೋಡಿದರೆ ಎಷ್ಟೋ ಸಲ ಅದರಲ್ಲಿ ಆಸಾನ ಮುದ್ರೆ. ಮೇಲೊಂದು ಕಬ್ಬಿಣದ ಪಟ್ಟಿ ಕೂರುವುದರಿಂದ ಆ ಮುದ್ರೆ ಹೊರಗೆ ಕಾಣುವುದಿಲ್ಲ. ಯಾವನೋ ಬಡಗಿ ಸಿಕ್ಕಿದ್ದನ್ನು ತುರುಕಿದ್ದಾನೆ ಎಂದು ಎಲ್ವುಡ್ ಬೈದುಕೊಳ್ಳುತ್ತಿದ್ದ. ಹಳೆ ಸಾಮಾನಿನವರೆಲ್ಲ ಮಾಡುವುದು ಇದನ್ನೇ. ಜೋಡಿ ತಪ್ಪಿದ್ದನ್ನು ಸರಿಮಾಡಿದರೆ ಅವರಿಗೆ ಸಮಾಧಾನ. ಲೂಥರ್‌ನ ಅಲಗನ್ನು ಎಲ್ಲಿಂದಾದರೂ ಹುಡುಕಿ ತಂದು ಕೂರಿಸಿ, ಆಸಾನದನ್ನು ನನ್ನ ಕಾಫಿ ಡಬ್ಬಕ್ಕೆ ಎಸೆಯುತ್ತಿದ್ದ. ಗೋಡೆಯ ಬಣ್ಣ ಕೆರೆಯುವುದಕ್ಕೆ ಜನ ಅವನ್ನು ಕೊಂಡುಹೋಗುತ್ತಿದ್ದರು.

ಇತಿಹಾಸ ಸಂಘದವರು ಲೂಥರನ ಹಳೆ ಕಾರ್ಖಾನೆಯ ಗೋಡೆಗೆ ಫಲಕ ಹಾಕಿಸಲು ಹೊರಟಾಗ ಬರಹದ ಕೆಲಸವನ್ನು ಎಲ್ವುಡ್‌ಗೆ ಒಪ್ಪಿಸಿದರು. ಮರುದಿನವೇ ವಿನಿಫ್ರೆಡ್ ಟೆನ್ನಿ ಅವನನ್ನು ಕರೆಸಿಕೊಂಡಳು. ಲೂಥರ್‌ನ ಮೊಮ್ಮಗಳು, ಎಂಬತ್ತು ದಾಟಿದ ಹೆಂಗಸು, ನೆಟ್ಟ ಗೂಟದ ಹಾಗೆ ಕೂರುವವಳು. ಆಸಾನ ಕಡೆಯವರೊಂದಿಗೆ ಅವಳ ಮನೆಯವರು ಮಾತಾಡಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಚರ್ಚಿನಲ್ಲಿ ಅವರದು ಎಡಗಡೆಯ ಬೆಂಚು, ಇವರದು ಬಲಗಡೆಯದು.

“ಅಣ್ಣನಿಂದ ಒಂದು ಚೂರು ಕಬ್ಬಿಣಾನೂ ತಗೊಳ್ಳದೆ ಲೂಥರ್ ಟೆನ್ನಿ ಕಾರ್ಖಾನೆ ಕಟ್ಟಿದ ಅಂತ ಬರಿ,” ಎಂದಳಂತೆ. “ನಾನು ಸಾಯೋದ್ರೊಳಗೆ ಅದನ್ನ ಗೋಡೆ ಮೇಲೆ ನೋಡ್ಬೇಕು. ನಮ್ಮಪ್ಪ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದ ಮಾತು ಅದು.” ಪ್ರದರ್ಶನಕ್ಕೆಂದು ತಾತನ ಸ್ವಂತ ಉಜ್ಜುಗೊರಡನ್ನೂ ಕೊಟ್ಟು ಕಳಿಸಿದಳು. ತಾತನ ನಂತರ ಅದರಲ್ಲಿ ಕೆಲಸ ಮಾಡಿದವನು ಅವಳಪ್ಪ. ಹೆಣ್ಣುಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ.

ಅದನ್ನು ಒರೆಸಲು ಎಲ್ವುಡ್ ನನ್ನ ಮೇಜಿಗೇ ತಂದ. ಅಲಗು ಎಳೆದು ಪಟ್ಟಿ ಬಿಚ್ಚಿದ. ಆಸಾನ ಮುದ್ರೆ.

“ಇದಕ್ಕೂ ತಪ್ಪು ಅಲಗು,” ಎಂದು ಅಭ್ಯಾಸಬಲದಿಂದ ಡಬ್ಬದ ಕಡೆ ಕೈ ಚಾಚಿದವನು ಹಾಗೇ ನಿಂತುಬಿಟ್ಟ. ಸಾಣೆ ಹಿಡಿದು ಹಿಡಿದು ಆ ಅಲಗು ಮೋಟಾಗಿತ್ತು. ಹೊಸದರ ಅರ್ಧದಷ್ಟೂ ಉಳಿದಿರಲಿಲ್ಲ. ಅಲಗು ಒರಗುವ ಕಡೆ ಮರವೂ ಅದರದೇ ಅಂಚಿಗೆ ಸರಿಯಾಗಿ ಸವೆದಿತ್ತು.

“ಇದನ್ನ ಯಾರೂ ಆಮೇಲೆ ತುರುಕಿದ್ದಲ್ಲ ಡೆಲ್ಲಾ. ಮೊದಲಿಂದ ಇದ್ದದ್ದೇ ಇದು,” ಎಂದು ಅಲಗನ್ನು ಮತ್ತೆ ಮರದೊಳಗಿಟ್ಟು ನೋಡಿದ. “ಆಚೆ ದಡದಲ್ಲಿ ನೀರಿನ ರಭಸ ಇಲ್ಲ. ನೀರಿನ ಬಲದಿಂದ ಅಲಗು ಬಡಿಯೋ ದೊಡ್ಡ ಸುತ್ತಿಗೆ ಅಲ್ಲಿ ಓಡೋದೇ ಇಲ್ಲ. ಲೂಥರ್‌ಗೆ ಅಲಗು ಎಲ್ಲಿಂದ ಬಂತು ಅಂತ ನಾನು ಒಂದು ದಿನಾನೂ ಕೇಳ್ಕೊಳ್ಳಲಿಲ್ಲವಲ್ಲ. ಮೊದಮೊದಲು ಅಣ್ಣನೇ ಮಾಡಿಕೊಡ್ತಿದ್ದ. ಲೂಥರ್ ಹೆಸರಿನ ಅಲಗುಗಳು ಆಮೇಲಿನ ಕಾಲದ್ದು, ಹೊರಗಿಂದ ತರಿಸಿ ಹೆಸರು ಒತ್ತಿದ್ದು. ಆ ಸಾಕ್ಷಿನೆಲ್ಲ ಕಿತ್ತು ಕಿತ್ತು ನಿನ್ನ ಡಬ್ಬಕ್ಕೆ ಹಾಕಿದೋನು ನಾನು.”

ಡಬ್ಬ ಬೋರಲು ಹಾಕಿದೆವು. ಉಳಿದಿದ್ದವು ಕೆಲವೇ. ಯಾವುದು ಯಾವುದರಿಂದ ಬಂದದ್ದೆಂದು ಹೇಳುವುದು ಅವನಿಂದಲೂ ಆಗಲಿಲ್ಲ. ಅವನ್ನು ನಾನು ಮಾರದೆ ಬೇರೆ ಎತ್ತಿಟ್ಟೆ.

ವಿನಿಫ್ರೆಡ್ ಮನೆಗೆ ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದ. ಅವಳು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

“ಬದಲಾಯಿಸಿಬಿಡು,” ಎಂದಳು. “ತಪ್ಪು ಅಲಗು ಸಿಕ್ಕಿದ್ರೆ ಯಾವಾಗ್ಲೂ ಬದಲಾಯಿಸ್ತೀಯಂತಲ್ಲ. ಲೂಥರ್‌ದು ಒಂದು ಹಾಕು.”

“ಹಾಕೋದು ಸುಲಭ ಮಿಸ್ ಟೆನ್ನಿ. ಒಬ್ಬರಿಗೂ ಗೊತ್ತಾಗಲ್ಲ,” ಎಂದ ಎಲ್ವುಡ್. “ಗೊತ್ತಿಲ್ಲದೆ ಎಷ್ಟೋ ಹಾಳು ಮಾಡಿದೀನಿ. ಗೊತ್ತಿದ್ದೂ ಮಾಡೋಕೆ ಆಗಲ್ಲ. ಕ್ಷಮಿಸಿ.”

“ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ನಾ?”

ಅವಳು ಅಲಗಿನ ಮೋಟು ತುದಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು.

“ಸಾಣೆ ಹಿಡಿಯೋಕೆ ಇದನ್ನ ಹೊರಗೆ ತೆಗೀಲೇಬೇಕು, ಅಲ್ವಾ?”

“ತೆಗೀಲೇಬೇಕು.”

“ಪಟ್ಟಿ ಬಿಚ್ಚಬೇಕು.”

“ಹೌದು.”

“ಅಂದ್ರೆ ನಮ್ಮಪ್ಪ ಪ್ರತಿ ಸಲ ಈ ಹೆಸರು ನೋಡಿದಾನೆ,” ಎಂದಳು. “ನೋಡಿ, ಕೈ ತೊಳ್ಕೊಂಡು, ಊಟಕ್ಕೆ ಬಂದು ಕೂತು, ಅವರ ಮಕ್ಕಳ ಜೊತೆ ಮಾತಾಡಬೇಡ ಅಂತ ನನಗೆ ಹೇಳಿದಾನೆ.” ಅಲಗನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: “ಸ್ಕೂಲಲ್ಲಿ ನಾನೂ ಓಪಲ್ಲೂ ಒಂದೇ ಬೆಂಚು. ನನ್ನ ಜಡೆ ಅವಳೇ ಹೆಣೀತಿದ್ಲು.”

ಓಪಲ್ ಆಸಾನ ಮೊಮ್ಮಗಳು. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅವಳ ಶವದ ಗಾಡಿ ಈ ಮನೆಯ ಮುಂದೆಯೇ ಹಾದುಹೋದಾಗ ವಿನಿಫ್ರೆಡ್ ಕಿಟಕಿಯ ಪರದೆ ಎಳೆದಿದ್ದನ್ನು ನಾನೇ ನೋಡಿದ್ದೆ. ಆವತ್ತು ಅವಳನ್ನು ಮನಸ್ಸಿನಲ್ಲೇ ಬೈದಿದ್ದೆ ಕೂಡ.

“ಫಲಕದಲ್ಲಿ ಇಬ್ಬರ ಹೆಸರೂ ಒಂದೇ ಸಾಲಲ್ಲಿ ಬರಲಿ,” ಎಂದಳು. “ಅಲಗು ಇಲ್ಲೇ ಇರಲಿ. ಶನಿವಾರ ಬೇಕು ನನಗೆ.”

ಆ ಶನಿವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಹುರುಳಿಕಾಯಿ ಬೀಜ ಬೇಯಿಸಿದ ಊಟ, ಜೊತೆಗೆ ಕಂದು ಬ್ರೆಡ್ಡು. ಎಲ್ವುಡ್ ಬಡಿಸುತ್ತಿದ್ದ, ನಾನು ತಟ್ಟೆ ಕೊಡುತ್ತಿದ್ದೆ. ವಿನಿಫ್ರೆಡ್ ತಟ್ಟೆ ತೆಗೆದುಕೊಳ್ಳದೆ ನಮ್ಮನ್ನು ದಾಟಿ, ತನ್ನ ಕಡೆಯ ಮೇಜನ್ನೂ ದಾಟಿ, ಓಪಲ್‌ನ ತಮ್ಮ ರಾಸ್ಕೋ ಕೂತಿದ್ದ ಕಡೆ ನಡೆದಳು. ಎಲ್ವುಡ್‌ನ ಸೌಟಿನಿಂದ ಬೀಜ ನನ್ನ ಕೈಮೇಲೆ ಬಿತ್ತು.

ಅವಳು ಕರವಸ್ತ್ರ ಬಿಚ್ಚಿ ಅಲಗನ್ನು ರಾಸ್ಕೋನ ಮುಂದಿಟ್ಟಳು. ಅವನು ಕನ್ನಡಕ ಒರೆಸಿಕೊಂಡು ಓದಿದ.

“ನಮ್ಮ ತಾತಂದು.”

“ನಿಮ್ಮ ತಾತಂದೇ. ನಮ್ಮನೇಲಿ ಇತ್ತು. ನಮ್ಮೋರಿಗೆ ಗೊತ್ತಿತ್ತು, ರಾಸ್ಕೋ. ನನಗೆ ಗೊತ್ತಿರಲಿಲ್ಲ.”

ರಾಸ್ಕೋ ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. ಆಮೇಲೆ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಓಪಲ್ ಕೂರ್ತಿದ್ದದ್ದು ಇಲ್ಲೇ,” ಎಂದ. “ಬಾ, ಕೂತ್ಕೋ.”